ಸತ್ಯಾಂಶ: ಆರ್‌ಒ ನೀರು ಹಾಕಿದರೆ ಮೀನು ಸಾಯೋದೇ ಇಲ್ವಾ?

‘ಅಕ್ವೇರಿಯಂಗೆ ಬರೀ ಆರ್‌ಒ ನೀರು ಹಾಕಿ, ಮೀನು ಸಾಯೋದೇ ಇಲ್ಲ’ ಅನ್ನೋ ಮೆಸೇಜ್ ನಿಮಗೂ ಬಂದಿರಬೇಕು. ಅದು ತಪ್ಪು.

ಆರ್‌ಒ ಯಂತ್ರದ ಪೊರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆಗೆ ಬೈಕಾರ್ಬನೇಟನ್ನೂ ಬಹುಪಾಲು ತೆಗೆದುಹಾಕುತ್ತದೆ. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟವನ್ನು ಏರುಪೇರಾಗದಂತೆ ಹಿಡಿದಿಡುವುದೇ ಈ ಬೈಕಾರ್ಬನೇಟ್. ಮೀನಿನ ಗಲೀಜನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಡೆಯೋಕೆ ಏನೂ ಇಲ್ಲದಿದ್ದರೆ ಪಿಎಚ್ ಒಮ್ಮೆಲೇ ಕುಸಿದು ಮೀನು ಒದ್ದಾಡುತ್ತದೆ. ಪಾಪ, ನಾವು ಫಿಲ್ಟರ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಅದನ್ನೇ ಬದಲಿಸುತ್ತೇವೆ!

ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಹೇಳುವ ಟಿಡಿಎಸ್ ಮೀಟರ್ 20–30 ತೋರಿಸಿದರೆ ನೀರಲ್ಲಿ ಲವಣಗಳು ಹೆಚ್ಚುಕಡಿಮೆ ಇಲ್ಲ ಅಂತಲೇ ಅರ್ಥ. ಆದರೆ ಬೈಕಾರ್ಬನೇಟ್ ಎಷ್ಟಿದೆ ಅಂತ ಆ ಮೀಟರ್ ಹೇಳಲ್ಲ, ಅದಕ್ಕೆ ಕೆಎಚ್ ಟೆಸ್ಟ್ ಕಿಟ್ ಬೇಕು.

ಗಪ್ಪಿ, ಮೊಲ್ಲಿ ಮೀನುಗಳಿಗೆ ಗಡಸು ನೀರೇ ಇಷ್ಟ, ಬೋರ್‌ವೆಲ್ ನೀರು ಸಾಮಾನ್ಯವಾಗಿ ಸಾಕು. ಮೆದು ನೀರು ಇಷ್ಟಪಡುವ ಡಿಸ್ಕಸ್, ನಿಯಾನ್ ಟೆಟ್ರಾ ಮೀನುಗಳನ್ನು ಸಾಕಿದ್ದರೆ ಮಾತ್ರ ಆರ್‌ಒ ನೀರು ಉಪಯೋಗಕ್ಕೆ ಬರುತ್ತದೆ, ಅದೂ ನಲ್ಲಿ ನೀರಿನ ಜೊತೆ ಬೆರೆಸಿ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದಲ್ವಾ, ಮೊದಲು ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹಾಕಿ. ಒಂದೇ ಸಲ ಪೂರ್ತಿ ನೀರು ಬದಲಿಸಬೇಡಿ, ವಾರಕ್ಕೆ ಕಾಲುಭಾಗ ಸಾಕು.