ಚಕ್ಕುಬಂದಿಯ ನಡುವೆ ಯಾರೂ ಇಲ್ಲ

ಕಲಬುರಗಿಯ ಜೇವರ್ಗಿ ರಸ್ತೆಯ ಕಡೆಗಿರುವ ನಮ್ಮ ಓಣಿಯಲ್ಲಿ ಮಾಲಕರು ಸಾಲ ಕಟ್ಟಲಿಲ್ಲವೆಂದು ಬ್ಯಾಂಕೊಂದು ಅವರ ಮನೆಯನ್ನು ಸ್ವಾಧೀನಪಡಿಸಿಕೊಂಡ ಸುದ್ದಿ ಇಷ್ಟರಲ್ಲಿ ಎಲ್ಲರಿಗೂ ತಲುಪಿರುವುದರಿಂದ ಅದನ್ನು ಮೊದಲಿನಿಂದ ಹೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ. ಆದರೆ ಆ ದಿನ ತೆಗೆದ ಫೋಟೋದ ಬಗ್ಗೆ ಹೇಳದೆ ಇರಲಾಗದು. ಮಧ್ಯಾಹ್ನದ ಬಿಸಿಲಿಗೆ ಕಾದು ನಿಂತಿದ್ದ ಕಬ್ಬಿಣದ ಬಾಗಿಲಿಗೆ ನೋಟಿಸು ಎಷ್ಟು ಅಂಟು ಬಳಿದರೂ ಕಚ್ಚಿಕೊಳ್ಳಲಿಲ್ಲ; ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಬಂದ ಮನುಷ್ಯನನ್ನು ಕಂಡು ಬ್ಯಾಂಕಿನ ಸಾಹೇಬರು ಬಹಳ ವಿನಯದಿಂದ, "ಅಣ್ಣಾರ, ಈ ಮೂಲಿ ಒಂಚೂರು ಹಿಡೀರಿ, ಬೆರಳು ಫೋಟೋದಾಗ ಬರಬಾರದ್ರಿ" ಎಂದರು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಆ ಮನುಷ್ಯ ಬೆರಳು ಕಾಣದಂತೆ ಮೂಲೆ ಹಿಡಿದು ನಿಂತ. ಅವನು ಆ ಮನೆಯ ಕಿರಾಯಿದಾರ. ಹಿಡಿದದ್ದು ತನ್ನ ಮನೆ ಖಾಲಿಯಾಗುವ ಕಾಗದವೆಂಬುದು ಫೋಟೋ ಮುಗಿದ ಮೇಲೆ ಓದಿದಾಗ ತಿಳಿಯಿತು.

ನೋಟಿಸನ್ನು ನಾನೂ ಓದಿದೆ. ನಮ್ಮ ಸಾಹಿತಿಗಳು ಈ ಪ್ರಕಾರವನ್ನು ಕಡೆಗಣಿಸಿರುವುದು ಅನ್ಯಾಯ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಚರಂಡಿ ಎಂದು ಚಕ್ಕುಬಂದಿಯನ್ನು ಅದರಲ್ಲಿ ಎಷ್ಟು ಮಮತೆಯಿಂದ ಬರೆದಿದ್ದರೆಂದರೆ, ಮಹಾನಗರ ಪಾಲಿಕೆಯೂ ಮರೆತಿದ್ದ ಆ ಚರಂಡಿಗೆ ಮೊದಲ ಬಾರಿ ಒಂದು ದಾಖಲೆಯಲ್ಲಿ ಸ್ಥಾನ ಸಿಕ್ಕಿತು. ನಾಲ್ಕು ದಿಕ್ಕುಗಳಿಗೂ ಹೆಸರಿತ್ತು. ನಡುವೆ ಮೂರು ವರ್ಷದಿಂದ ಉಂಡು ಮಲಗುತ್ತಿದ್ದ ನಾಲ್ಕು ಜನರಿಗೆ ಮಾತ್ರ ಇರಲಿಲ್ಲ. ಮುಂದೆ ಹರಾಜಿನ ಪ್ರಕಟಣೆ ಬಂದಾಗ ಇದೇ ಮನೆಯನ್ನು "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು" ಎಂಬ ಆಧಾರದ ಮೇಲೆ ಮಾರುತ್ತಾರೆ. ವೇದಾಂತಿಗಳು ಇಡೀ ಜನ್ಮ ಕಳೆದರೂ ಮುಟ್ಟಲಾಗದ ಈ ಸ್ಥಿತಿಯನ್ನು ಬ್ಯಾಂಕಿನ ಅಧಿಕೃತ ಅಧಿಕಾರಿಗಳು ಒಂದು ಸಾಲಿನಲ್ಲಿ ಮುಟ್ಟುತ್ತಾರೆ. ಆ "ಏನಿದೆಯೋ ಅದು" ಎಂಬುದರಲ್ಲಿ ಜೋಳದ ಚೀಲ, ಮಗಳ ಸೈಕಲ್ಲು ಮತ್ತು ಒಲೆಯ ಮೇಲಿದ್ದ ಬೇಳೆ ಸೇರುತ್ತವೆಯೋ ಇಲ್ಲವೋ ಎಂದು ಕೇಳಿದರೆ, ಸದ್ಯಕ್ಕೆ ಇದು ಸಾಂಕೇತಿಕ ಸ್ವಾಧೀನ, ಅಂದರೆ ಕಾಗದದ ಮೇಲಿನದು ಮಾತ್ರ ಎಂಬ ಉತ್ತರ ಬರುತ್ತದೆ. ಹಾಗಾದರೆ ಕಿರಾಯಿದಾರನೂ ಸಾಂಕೇತಿಕವಾಗಿ ಹೊರಗೆ ಹೋಗಿ, ನಿಜವಾಗಿ ಒಳಗೇ ಇರಬಹುದಲ್ಲವೇ?

ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಸಾಲ ಕಟ್ಟದವರಿಗೆ ಮೊದಲು 60 ದಿನಗಳ ನೋಟಿಸು ಕೊಡಬೇಕು. ಅದು ಹೋಗುವುದು ಸಾಲಗಾರನಿಗೆ, ಅಂದರೆ ಮಾಲಕರಿಗೆ. ನಮ್ಮ ಓಣಿಯ ಮಾಲಕರು ಆ ಕಾಗದವನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು, ಆ 60 ದಿನಗಳಲ್ಲಿ ಎರಡು ತಿಂಗಳ ಕಿರಾಯಿಯನ್ನು ತಾರೀಖು ತಪ್ಪದೆ ವಸೂಲು ಮಾಡಿದರು. ಬಾಗಿಲಿಗೆ ಅಂಟಿಸಿದ ಸ್ವಾಧೀನದ ನೋಟಿಸನ್ನು ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದರಲ್ಲಿ, ಪ್ರಕಟಿಸಬೇಕೆಂಬ ನಿಯಮವೂ ಉಂಟು. ಇರುವೆಯ ಸಾಲಿನಂಥ ಅಕ್ಷರಗಳ ಆ ಪುಟ ನಮ್ಮ ಮನೆಗಳಲ್ಲಿ ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಲು ಬಹಳ ಅನುಕೂಲ.

ಕಿರಾಯಿದಾರನಿಗೆ ಹಕ್ಕೇ ಇಲ್ಲವೆಂದು ಯಾರೂ ಹೇಳಬಾರದು, ಹೇರಳವಾಗಿದೆ. ಬಾಡಿಗೆ ಕಾಯ್ದೆಯ ರಕ್ಷಣೆಯಿರುವವರನ್ನು ಸರ್ಫೇಸಿ ಕಾಯ್ದೆಯ ಬಲದಿಂದ ಹೊರಹಾಕುವಂತಿಲ್ಲ ಎಂದು 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆಯಾದರೋ ತಿಂಗಳಿಗೆ 3,500 ರೂಪಾಯಿ ದಾಟಿದ ವಸತಿಗೆ ಎಲ್ಲಿಯೂ ಅನ್ವಯಿಸುವುದಿಲ್ಲ. ನಮ್ಮ ಲೆಕ್ಕದವನ ಕಿರಾಯಿ 6,500. ಬಡವನಾಗುವಷ್ಟು ಕಡಿಮೆ ಕೊಡದ ತಪ್ಪು ಅವನದೇ. ಇನ್ನು ಕರಾರು ಪತ್ರದ ವಿಷಯ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ ನಮ್ಮ ದೇಶವೆಲ್ಲ ಹನ್ನೊಂದು ತಿಂಗಳಿಗೆ ಬರೆಸಿಕೊಳ್ಳುತ್ತದೆ. ಹನ್ನೆರಡನೆಯ ತಿಂಗಳಲ್ಲಿ ಕಿರಾಯಿದಾರರು ಎಲ್ಲಿ ವಾಸಿಸುತ್ತಾರೆಂದು ಯಾವ ಜನಗಣತಿಯೂ ಕೇಳಿಲ್ಲ. ಆಮೇಲೆ 2019ರಲ್ಲಿ ಅದೇ ನ್ಯಾಯಾಲಯ, ನೋಂದಾಯಿತ ಪತ್ರವಿಲ್ಲದವನು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಹಕ್ಕು ಸಾಧಿಸಲಾರ ಎಂದಿತು. ನೋಂದಾಯಿಸೋಣವೆಂದರೆ ಮನೆಯೇ ಕೊಡದ ಮಾಲಕ, ನೋಂದಾಯಿಸದಿದ್ದರೆ ಹಕ್ಕೇ ಕೊಡದ ಕಾನೂನು.

ಸರ್ಫೇಸಿ ಕಾಯ್ದೆಯ 2016ರ ತಿದ್ದುಪಡಿಯಂತೆ ಕಿರಾಯಿದಾರ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕಲಬುರಗಿಯಲ್ಲಿ ಹೈಕೋರ್ಟಿನ ಪೀಠವೇ ಇದ್ದರೂ ಈ ಮಂಡಳಿ ಇರುವುದು ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅಲ್ಲಿ ನೋಡುವ ಸಂಗತಿಗಳಲ್ಲಿ ಒಂದು, ಅವನ ಕಿರಾಯಿ ಕರಾರು ಅಡಮಾನದ ಷರತ್ತಿಗೆ ವಿರುದ್ಧವಾಗಿತ್ತೇ ಎಂಬುದು. ಮಾಲಕ ಮತ್ತು ಬ್ಯಾಂಕು ಒಳಗೆ ಕೂತು ಬರೆದುಕೊಂಡ, ತಾನು ಕಣ್ಣಿನಿಂದಲೂ ಕಾಣದ ಪತ್ರದ ಷರತ್ತನ್ನು ಅವನು ಪಾಲಿಸಿರಬೇಕು!

ನಗು ಇಲ್ಲಿಗೆ ಸಾಕು. ಸಾಲ ಕೊಡುವಾಗ ಬ್ಯಾಂಕಿನವರು ಮೌಲ್ಯಮಾಪಕರನ್ನು ಕಳಿಸಿ ಗೋಡೆ ಅಳೆಸುತ್ತಾರೆ, ನಾಲ್ಕು ಕಡೆಯಿಂದ ಫೋಟೋ ತೆಗೆಸುತ್ತಾರೆ. ಒಳಗೆ ಯಾರಿದ್ದಾರೆಂದು ಕೇಳುವುದಕ್ಕೆ, ಇದ್ದವರಿಗೆ ಒಂದು ಕಾಗದ ಕಳಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ? ಸಾಲ ಮಾಡಿದವನು ಬೇರೆ, ಕೊಟ್ಟವನು ಬೇರೆ, ಬೀದಿಗೆ ಬರುವವನು ಮಾತ್ರ ಇಬ್ಬರ ಪೈಕಿ ಯಾರೂ ಅಲ್ಲ. ಡಿಪಾಜಿಟ್ ಎಂದು ಕೊಟ್ಟ 50 ಸಾವಿರವನ್ನು ಮಾಲಕರಿಂದಲೇ ಪಡೆಯಿರಿ ಎಂದು ಅವನಿಗೆ ಹೇಳಿದರು. ಮಾಲಕರ ಫೋನು ಆ ದಿನದಿಂದ ಬಂದ್ ಇದೆ. ಶಾಲೆಯ ಪರೀಕ್ಷೆ ಮುಗಿಯುವವರೆಗಾದರೂ ಬಿಡಿ ಎಂದು ಆ ಮನುಷ್ಯ ಯಾರ ಮುಂದೆ ಕೈಮುಗಿಯಬೇಕು ಎಂಬುದನ್ನು ನನಗೆ ಈವರೆಗೆ ಒಬ್ಬರೂ ಹೇಳಿಲ್ಲ.

ಮೊನ್ನೆ ಅವನ ಜೊತೆ ಶಹಾಬಜಾರ್ ಕಡೆ ಮನೆ ನೋಡಲು ಹೋಗಿದ್ದೆ. ಹೊಸ ಮಾಲಕರು ಫರ್ಶಿ ಕಟ್ಟೆಯ ಮೇಲೆ ಕೂಡಿಸಿ, ಎಷ್ಟು ಮಂದಿ, ಯಾವ ಊರು, ಯಾವ ಮಂದಿ, ಪಗಾರ ಎಷ್ಟು, ಅಡುಗೆ ಏನು, ಬೀಗರು ಬಂದರೆ ಎಷ್ಟು ದಿನ ಇರುತ್ತಾರೆ ಎಂದು ಸಾವಕಾಶವಾಗಿ ವಿಚಾರಿಸಿದರು. ಎಲ್ಲಕ್ಕೂ ಉತ್ತರ ಕೊಟ್ಟು, ಆಧಾರ್ ಝೆರಾಕ್ಸ್ ಕೈಗಿತ್ತು, ಅವನು ಒಂದೇ ಒಂದು ಪ್ರಶ್ನೆ ಕೇಳಿದ: "ಮನೀ ಮ್ಯಾಲ ಬ್ಯಾಂಕಿನ ಸಾಲ ಏನಾರ ಅದ ಏನ್ರಿ?"

ಮಾಲಕರು ಝೆರಾಕ್ಸನ್ನು ಮಡಚಿ ಅವನ ಕೈಗೇ ವಾಪಸು ಕೊಟ್ಟರು. "ಒಳಗ ಕೇಳಿ ಹೇಳ್ತೀನ್ರಿ," ಎಂದರು.