ಮನೆಯ ಪಾಲುಪಟ್ಟಿಯಲ್ಲಿ ಕಂಪನಿಯ ಆಸ್ತಿ

ಅಣ್ಣತಮ್ಮಂದಿರು ಪಾಲಾಗುವಾಗ ಹಿರಿಯರ ಮುಂದೆ ಒಪ್ಪಿಕೊಂಡ ಮಾತಿಗೆ ತಪ್ಪಬಾರದು. ನಮ್ಮ ನ್ಯಾಯಾಲಯಗಳೂ ಕುಟುಂಬದ ಒಪ್ಪಂದಗಳನ್ನು ಆದಷ್ಟು ಎತ್ತಿಹಿಡಿಯುತ್ತವೆ, ಅದು ಸರಿ. ಆದರೆ ಷೇರುಪೇಟೆಯಲ್ಲಿರುವ ಕಂಪನಿ ಆ ಮನೆಯ ಹಿತ್ತಲಲ್ಲ.

2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ನಡುವೆ ನಿಂತು ಮುಖೇಶ್ ಮತ್ತು ಅನಿಲ್ ಅಂಬಾನಿ ಅವರಿಗೆ ರಿಲಯನ್ಸ್ ಹಂಚಿಕೊಟ್ಟರು. ಕೃಷ್ಣಾ–ಗೋದಾವರಿ ಕಣಿವೆಯ ನೈಸರ್ಗಿಕ ಅನಿಲವೂ ಆ ಹಂಚಿಕೆಯೊಳಗೆ ಬಂತು: ದಿನಕ್ಕೆ 2.8 ಕೋಟಿ ಘನ ಮೀಟರ್, 17 ವರ್ಷ, ಒಂದು ಎಂಎಂಬಿಟಿಯುಗೆ (ಅನಿಲವನ್ನು ಅದರ ಶಾಖದ ಲೆಕ್ಕದಲ್ಲಿ ಅಳೆಯುವ ಮಾನ) 2.34 ಡಾಲರ್, ಅಣ್ಣ ಮುಖೇಶ್ ಕಂಪನಿಯಿಂದ ತಮ್ಮ ಅನಿಲ್ ಕಂಪನಿಗೆ. ಮುಂದೆ ಸರ್ಕಾರ ಒಪ್ಪಿದ ದರ 4.20 ಡಾಲರ್. ಆ ಅಂತರ ಅಣ್ಣನೊಬ್ಬನ ಜೇಬಿಗೆ ಬೀಳುವ ಹೊರೆಯಾಗಿರಲಿಲ್ಲ. ಒಂದೊಂದು ಷೇರು ಹಿಡಿದವರಿಗೂ ತಟ್ಟುವಂಥದ್ದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

2010ರ ಮೇ 7ರಂದು ಇದೇ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ಇಂದಿಗೂ ಮುಖ್ಯ. ನೈಸರ್ಗಿಕ ಅನಿಲ ಸರ್ಕಾರದ ಸ್ವತ್ತು, ದರದಲ್ಲಿ ಸರ್ಕಾರದ ಮಾತೇ ಕೊನೆಯದು ಎಂಬುದು ಒಂದು. ಆ ಒಪ್ಪಂದ ಗೊತ್ತಿದ್ದುದು ತಾಯಿಗೆ ಮತ್ತು ಇಬ್ಬರು ಮಕ್ಕಳಿಗೆ ಮಾತ್ರ, 30 ಲಕ್ಷ ಷೇರುದಾರರಿಗಲ್ಲ; ಹಾಗಾಗಿ ಅದು ಕಂಪನಿಯನ್ನು ಕಟ್ಟಿಹಾಕದು ಎಂಬುದು ಇನ್ನೊಂದು. ಕಂಪನಿ ವಿಭಜನೆಯ ಯೋಜನೆಗೆ ಷೇರುದಾರರು ಮತ ಹಾಕಿದ್ದರು ನಿಜ. ಒಳಗಿನ ಕಾಗದವನ್ನೇ ತೋರಿಸದೆ ಪಡೆದ ಒಪ್ಪಿಗೆಯನ್ನು ಆ ಕಾಗದಕ್ಕೂ ಒಪ್ಪಿಗೆ ಎನ್ನುವುದು ಹೇಗೆ?

2023ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ನಿಯಮ ತಂದಿತು. ಕಂಪನಿಯ ಆಡಳಿತ ಅಥವಾ ಹಿಡಿತದ ಮೇಲೆ ಪರಿಣಾಮ ಬೀರುವ, ಅದರ ಮೇಲೆ ನಿರ್ಬಂಧ ಹೇರುವ ಒಪ್ಪಂದವನ್ನು ಪ್ರವರ್ತಕರು (ಕಂಪನಿ ಹುಟ್ಟುಹಾಕಿದ, ಅದರ ಹಿಡಿತ ಇಟ್ಟುಕೊಂಡ ಮನೆಯವರು) ಮಾಡಿಕೊಂಡರೆ, ಕಂಪನಿ ಅದರಲ್ಲಿ ಸಹಿದಾರನಲ್ಲದಿದ್ದರೂ, ಎರಡು ಕೆಲಸದ ದಿನಗಳೊಳಗೆ ಅದಕ್ಕೆ ತಿಳಿಸಬೇಕು. ಕಂಪನಿ ಅದನ್ನು ಷೇರುಪೇಟೆಗೆ ಬಹಿರಂಗಪಡಿಸಬೇಕು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಕಿರ್ಲೋಸ್ಕರ್ ಮನೆತನದಲ್ಲಿ 2009ರ ಕುಟುಂಬ ಒಪ್ಪಂದ ಕಂಪನಿಗಳಿಗೂ ಅನ್ವಯಿಸುತ್ತದೆಯೇ ಎಂದು ಎದ್ದ ವಿವಾದ ನೋಡಿದರೆ ಈ ನಿಯಮ ಎಷ್ಟು ಬೇಕಿತ್ತು ಎಂಬುದು ತಿಳಿಯುತ್ತದೆ.

ಆದರೂ ತಿಳಿಸಿದರೆ ಸಾಲದು. ಪ್ರವರ್ತಕರ ಜೊತೆಗಿನ ದೊಡ್ಡ ವ್ಯವಹಾರಗಳಿಗೆ ಒಪ್ಪಿಗೆ ಕೊಡುವ ಮತದಾನದಲ್ಲಿ ಸಂಬಂಧಪಟ್ಟವರು ಪರವಾಗಿ ಮತ ಹಾಕುವಂತಿಲ್ಲ ಎಂಬ ನಿಯಮ ಈಗಲೇ ಇದೆ. ಕುಟುಂಬದ ಒಪ್ಪಂದವನ್ನು ಕಂಪನಿಯ ಮೇಲೆ ಜಾರಿ ಮಾಡಬೇಕೆನ್ನುವವರೂ ಅದೇ ದಾರಿಯಲ್ಲಿ ಬರಲಿ: ಒಪ್ಪಂದದ ಪೂರ್ತಿ ಪ್ರತಿಯನ್ನು ಸಭೆಯ ಸೂಚನೆಯ ಜೊತೆ ಕಳುಹಿಸಲಿ, ಮನೆಯವರು ಮತದಿಂದ ಹೊರಗುಳಿಯಲಿ. ಹೊರಗಿನ ಷೇರುದಾರರು ಒಪ್ಪದಿದ್ದರೆ, ಕೊಟ್ಟ ಮಾತಿನ ನಷ್ಟವನ್ನು ಅಣ್ಣತಮ್ಮಂದಿರು ತಮ್ಮ ಸ್ವಂತ ಷೇರು, ಸ್ವಂತ ಹಣದಿಂದ ತುಂಬಿಕೊಳ್ಳಲಿ.