ಸ್ಪಷ್ಟನೆ: ದೂರದ ದುರಂತ ತರುವ ಆತಂಕ ‘ಬರೀ ಕಲ್ಪನೆ’ಯಲ್ಲ

‘ದುರಂತವನ್ನು ಕಣ್ಣಾರೆ ಕಂಡವರಿಗಷ್ಟೇ ಆತಂಕ ಕಾಡುತ್ತದೆ, ದೂರ ಕುಳಿತು ಹೆದರುವವರದು ಬರೀ ಕಲ್ಪನೆ’ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ನರಳುತ್ತಿರುವವರ ಬಾಯಿ ಮುಚ್ಚಿಸುವ ತಪ್ಪು.

2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ವೇಳೆ ಬಾಂಬ್ ಸ್ಫೋಟಿಸಿದ ಬಳಿಕ ಅಮೆರಿಕದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ನಂತರದ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರು, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಿನ ತೀವ್ರ ಒತ್ತಡದ ಲಕ್ಷಣಗಳನ್ನು ಹೇಳಿಕೊಂಡಿದ್ದರು. ಮೊದಲೇ ಆತಂಕದಲ್ಲಿದ್ದವರು ಹೆಚ್ಚು ಸುದ್ದಿ ನೋಡಿರಲೂಬಹುದು ಎಂಬುದನ್ನು ಇಲ್ಲಿ ಮರೆಯಬಾರದು. ಆದರೂ ಅವರ ನಿದ್ದೆಗೇಡು ನಟನೆಯಲ್ಲ.

ಭೂಕಂಪ ಕಳೆದು ತಿಂಗಳಾದ ಮೇಲೂ, ಲಾರಿ ಹಾದುಹೋದ ಸದ್ದಿಗೆ ತಲೆಯೆತ್ತಿ ತೂಗುದೀಪ ಅಲುಗುತ್ತಿದೆಯೇ ಎಂದು ನೋಡುವವರಿದ್ದಾರೆ. ಇಂಥ ಎಚ್ಚರ ಕಾಯಿಲೆಯಾಗಬೇಕೆಂದೇನಿಲ್ಲ. ತುರ್ತುಪರಿಸ್ಥಿತಿಗೆ ಸಿಲುಕಿದ ಬಹುತೇಕ ಎಲ್ಲರೂ ಮಾನಸಿಕ ಸಂಕಟ ಅನುಭವಿಸುತ್ತಾರೆ, ಹೆಚ್ಚಿನವರಲ್ಲಿ ಅದು ಕಾಲಕ್ರಮೇಣ ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಾರಗಟ್ಟಲೆ ನಿದ್ದೆ ಬಾರದೆ, ನಿತ್ಯದ ಕೆಲಸವೇ ನಿಂತುಹೋದರೆ ಮಾತ್ರ ಹಿಂಜರಿಯದೆ ವೈದ್ಯರನ್ನು ಕಾಣಬೇಕು.

ಸಂದೇಶದಲ್ಲಿ ಅರೆಪಾಲು ಸತ್ಯವೂ ಇದೆ: ಆತಂಕ ನಿಜವಾದ ಮಾತ್ರಕ್ಕೆ ಅದು ಬೊಟ್ಟುಮಾಡುವ ಅಪಾಯ ಅಷ್ಟೇ ದೊಡ್ಡದಾಗಿರುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಅನೇಕರು ವಿಮಾನ ಬಿಟ್ಟು ಕಾರು ಹಿಡಿದರು; ಮುಂದಿನ ತಿಂಗಳುಗಳಲ್ಲಿ ರಸ್ತೆ ಅಪಘಾತದ ಸಾವುಗಳು ಹೆಚ್ಚಿದವೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ.